ಮಾಸ್ಟರ್ ಕೈಯ ಹುರಿ

ಕತ್ತರಿ ಠಣ್ಣೆಂದು ನೆಲಕ್ಕೆ ಬಿತ್ತು. ಗಿರಾಕಿಯೊಬ್ಬರ ಮದುವೆಯ ಕೋಟಿನ ಬಟ್ಟೆ ಅಡ್ಡಡ್ಡ ಸೀಳಿಹೋಗಿತ್ತು! ನಲವತ್ತು ವರ್ಷ ಗೆರೆ ತಪ್ಪದೆ ಬಟ್ಟೆ ಕತ್ತರಿಸಿದ ಟೈಲರ್ ಮಾಸ್ಟರ್ ತಮ್ಮ ಬಲಗೈಯನ್ನೇ ದಿಟ್ಟಿಸಿದರು. ಕಿರುಬೆರಳು, ಉಂಗುರದ ಬೆರಳು ಎರಡೂ ಅಂಗೈಗೆ ಮಡಚಿಕೊಂಡಿದ್ದವು. ಚರ್ಮದಡಿಯಲ್ಲಿ ಹಗ್ಗದಂಥ ಗಟ್ಟಿ ಹುರಿಯೊಂದು ಮೂರು ವರ್ಷಗಳಿಂದ ಅವನ್ನು ಎಳೆದು ಹಿಡಿದಿತ್ತು.

"ಏನ್ ನೋಡ್ತಾ ನಿಂತಿದೀಯ?" ಬಾಗಿಲಲ್ಲಿದ್ದ ಸೊಸೆಯ ಮೇಲೆ ಅವರು ಹರಿಹಾಯ್ದರು. "ನೀನು ಬಂದ ವರ್ಷವೇ ನನ್ನ ಬೆರಳು ಮಡಚ್ಕೊಂಡ್ವು! ನಾಳೆಯಿಂದ ಆ ಫ್ಯಾಕ್ಟರಿ ಬಿಟ್ಟು ಇಲ್ಲಿ ಕೂತು ಕತ್ತರಿ ಹಿಡಿ."

ಇಸ್ತ್ರಿ ಹಾಕುತ್ತಿದ್ದ ಗಂಡ ತಲೆ ಎತ್ತಲಿಲ್ಲ. ಅವಳ ಕಣ್ಣು ತುಂಬಿಬಂತು. ಅವಳಿದ್ದ ಔಷಧ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದುದೇ ಇಂಥ ಹುರಿಯನ್ನು ಕರಗಿಸುವ ಕಿಣ್ವ. ಅದರ ಒಂದೊಂದು ಸೀಸೆಯನ್ನೂ ಬೆಳಕಿಗೆ ಹಿಡಿದು ಪರೀಕ್ಷಿಸುವುದು ಅವಳ ಕೆಲಸ.

"ಮಾವ, ನಾಲ್ಕನೇ ಸಲ ಹೇಳ್ತಿದೀನಿ… ಒಂದು ಇಂಜೆಕ್ಷನ್…"

"ಮಾಂಸ ಕರಗಿಸೋ ವಿಷ! ಕೈಯೇ ಕರಗಿಹೋದ್ರೆ?"

"ಹಳೇದನ್ನ ಬಿಚ್ಚಿ ಹೊಸದು ಹೆಣೆಯೋಕೆ ಜಾಗ ಮಾಡೋ ಕಿಣ್ವಗಳು ಎಲ್ಲರ ಮೈಯಲ್ಲೂ ಇವೆ ಮಾವ. ಗಾಯ ಮಾಯೋಕೂ ಅವೇ ಬೇಕು. ಹೊಲಿಗೆ ಬಿಚ್ಚದೆ ನೀವು ಕೋಟು ಸರಿ ಮಾಡ್ತೀರಾ? ನಿಮ್ಮ ಕೈಲಿ ಹೆಣೆಯೋದೇ ಜಾಸ್ತಿಯಾಗಿದೆ, ಅಷ್ಟೆ." ಅವಳು ನೆಲಕ್ಕೆ ಬಿದ್ದಿದ್ದ ಕತ್ತರಿ ಎತ್ತಿ ಮೇಜಿನ ಮೇಲಿಟ್ಟಳು. "ಕೈ ಕೆಟ್ರೆ ಕೆಲಸ ಬಿಟ್ಟು ಜೀವ ಇರೋವರೆಗೂ ಇಲ್ಲೇ ಕತ್ತರಿ ಹಿಡೀತೀನಿ. ನೆಟ್ಟಗಾದ್ರೆ… ನನ್ನನ್ನ ದರಿದ್ರದವಳು ಅನ್ನೋದು ಬಿಟ್ಬಿಡಿ!"

ಗಂಡ ಇಸ್ತ್ರಿಪೆಟ್ಟಿಗೆ ಬದಿಗಿಟ್ಟ. "ಅಪ್ಪಾ, ಎದ್ದೇಳಿ. ನಾನೇ ಕರ್ಕೊಂಡು ಹೋಗ್ತೀನಿ."

ಮದುವೆಯಾದ ಮೇಲೆ ಅವನು ಅವಳ ಪರವಾಗಿ ಆಡಿದ ಮೊದಲ ಮಾತದು!

ವೈದ್ಯರು ಕೈ ಪರೀಕ್ಷಿಸಿ, ಹುರಿಗೇ ಸೂಜಿ ಚುಚ್ಚಿದರು. ಅಂಗೈ ಊದಿ ನೀಲಿಗಟ್ಟಿತು. ಮರುದಿನ ಕೈ ಮರಗಟ್ಟಿಸಿ ಬೆರಳುಗಳನ್ನು ಮೆಲ್ಲಗೆ ಹಿಂದಕ್ಕೆ ಒತ್ತಿದರು. ಟಪ್!

"ಮುರೀತಾ?" ಮಾಸ್ಟರ್ ಕಣ್ಣು ಬಿಡದೆಯೇ ಕೇಳಿದರು.

"ತುಂಡಾಗಿದ್ದು ಹುರಿ, ಬೆರಳಲ್ಲ. ಕೈ ಮೇಜಿನ ಮೇಲಿಡಿ."

ಇಟ್ಟರು. ಐದೂ ಬೆರಳು ಚಪ್ಪಟೆಯಾಗಿ ಮೇಜಿಗಂಟಿದವು! ಗಟ್ಟಿ ಮನುಷ್ಯ ಬಿಕ್ಕಿಬಿಕ್ಕಿ ಅತ್ತುಬಿಟ್ಟರು…

ಊತ ಇಳಿದು ಕೆಲವು ವಾರಗಳಾದ ಮೇಲೆ, ಒಂದು ಬೆಳಿಗ್ಗೆ ಅಂಗಡಿಯಲ್ಲಿ ಮತ್ತೆ ಕತ್ತರಿಯ ಕಚಕಚ ಸದ್ದು ಕೇಳಿಸಿತು. ಕೋಟಿನ ಬಟ್ಟೆ ಗೆರೆಗುಂಟ ಸೀದಾ ಬಿಚ್ಚಿಕೊಳ್ಳುತ್ತಿತ್ತು. ಸೊಸೆ ಕಣ್ಣರಳಿಸಿ ನಿಂತಿದ್ದಳು.

"ಇನ್ನೂ ಇಲ್ಲೇ ಇದೀಯಾ?" ಮಾಸ್ಟರ್ ಗದರಿದರು. "ಬಸ್ ತಪ್ಪಿಹೋಗುತ್ತೆ, ಓಡು ತಾಯಿ! ಎಷ್ಟು ಜನ ಕೈ ಮಡಚ್ಕೊಂಡು ನಿನ್ನ ದಾರಿ ಕಾಯ್ತಿದಾರೋ…"

ಅವಳು ಹೊಸ್ತಿಲು ದಾಟುವಾಗ ಹಿಂದಿನಿಂದ ಮೆತ್ತಗೆ ಮಾತು ಬಂತು:

"ನನ್ನ ಈ ನಾಲಿಗೆಗೂ ಅಂಥದೊಂದು ಇಂಜೆಕ್ಷನ್ ಇದ್ರೆ… ಬರ್ತಾ ತಗೊಂಡು ಬಾ."