ತಾಳ ತಪ್ಪದ ಎರಡು ರೆಕಾರ್ಡರ್

ನನ್ನ ಮುಖವನ್ನು ಗೋಡೆಗೆ ಒತ್ತಿ ಹಿಡಿದಿದ್ದ. ಗೋಡೆಗೆ ಅಂಟಿಸಿದ್ದ ಸ್ಪಂಜು ಬಾಯೊಳಗೆ ಬಂತು.

"ಕಿರುಚ್ಕೋ! ರೆಕಾರ್ಡಿಂಗ್ ರೂಮ್ ಇದು... ಪಿಟ್ ಅನ್ನೋ ಸದ್ದೂ ಹೊರಗೆ ಹೋಗಲ್ಲ."

ಇವನು ಸ್ಟುಡಿಯೋ ಮಾಲೀಕನ ಬಾಡಿಗಾರ್ಡ್. ಮೈ ಎರಡು ಬಾಗಿಲಷ್ಟು. ಬುದ್ಧಿ ಚಿಲಕದಷ್ಟು.

ಹಿಮ್ಮಡಿಯಿಂದ ಅವನ ಮೊಣಕಾಲಿಗೆ ಒದ್ದೆ. ಹಿಡಿತ ಸಡಿಲವಾಯಿತು.

ಓಡಿದೆ! ಕಾರಿಡಾರ್... ಮೆಟ್ಟಿಲು... ಕಂಟ್ರೋಲ್ ರೂಮ್!

ಅಲ್ಲಿ ಮಾಲೀಕ ಇನ್‌ಸ್ಪೆಕ್ಟರ್‌ಗೆ ಕಾಫಿ ಕೊಟ್ಟು ಹಲ್ಲು ಕಿರಿಯುತ್ತಿದ್ದ.

"ಯಾರ್ರೀ ನೀವು?"

"ನೀವು ಲಾಕಪ್‌ನಲ್ಲಿ ಇಟ್ಟಿದ್ದೀರಲ್ಲ ಸರ್, ಡಬ್ಬಿಂಗ್ ಕಲಾವಿದ... ಅವರ ಬಾಮೈದ. ಸೌಂಡ್ ಪರೀಕ್ಷೆ ಮಾಡೋದು ನನ್ನ ಕಸುಬು."

ಭಾವ ಹದಿನೈದು ವರ್ಷ ಸಿನಿಮಾ ವಿಲನ್‌ಗಳಿಗೆ ದನಿ ಕೊಟ್ಟವರು. ಅಕ್ಕನ ಎದುರು ಆ ದನಿ ಒಮ್ಮೆಯೂ ಎದ್ದಿಲ್ಲ! ಮಾಲೀಕನ ಪಾಲುದಾರ ಕೊಲೆಯಾದ. ಭಾವ ಅವನಿಗೆ "ನಿನ್ನ ಮುಗಿಸ್ತೀನಿ" ಎಂದ ಒಂದು ಗಂಟೆಯ ರೆಕಾರ್ಡಿಂಗನ್ನು ಮಾಲೀಕ ಪೊಲೀಸರಿಗೆ ಕೊಟ್ಟಿದ್ದ. ಒಂದಲ್ಲ, ಎರಡು ಮಷೀನಿನದ್ದು!

ಕೇಸು ಗಟ್ಟಿಯಾದರೆ ಭಾವನಿಗೆ ಜೀವಾವಧಿ.

"ಎರಡು ರೆಕಾರ್ಡರ್ ಮಧ್ಯೆ ಕೇಬಲ್ ಇತ್ತಾ?" ಮಾಲೀಕನನ್ನು ಕೇಳಿದೆ.

"ಇಲ್ಲಪ್ಪಾ! ಒಂದು ಈ ಮೂಲೆ, ಒಂದು ಆ ಮೂಲೆ. ಪೊಲೀಸ್ರಿಗೆ ಬರ್ದು ಸೈನ್ ಹಾಕಿದ್ದೀನಿ."

ಇನ್‌ಸ್ಪೆಕ್ಟರ್ ಒಪ್ಪಿದ ಮೇಲೆ ಎರಡೂ ರೆಕಾರ್ಡಿಂಗನ್ನು ಸ್ಕ್ರೀನಿನಲ್ಲಿ ಒಂದರ ಕೆಳಗೊಂದು ಇಟ್ಟೆ. ಎರಡರ ಶುರುವಿನಲ್ಲೂ ಇದ್ದ ಕೆಮ್ಮನ್ನು ಒಂದೇ ಗೆರೆಗೆ ಹೊಂದಿಸಿದೆ. ಗಂಟೆಯ ಕೊನೆಗೆ ಹಾರಿದೆ. ಬಾಗಿಲು ಬಡಿದ ಸದ್ದು... ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ!

ಮಾಲೀಕ ಬೀಗಿದ. "ನೋಡಿ ಸರ್, ಎಷ್ಟು ಪರ್ಫೆಕ್ಟ್!"

"ಅದೇ ಸರ್ ಎಡವಟ್ಟು! ಪ್ರತಿ ರೆಕಾರ್ಡರ್ ಒಳಗೂ ಅದರದ್ದೇ ಒಂದು ಗಡಿಯಾರ ಇರುತ್ತೆ. ಸೆಕೆಂಡಿಗೆ ನಲವತ್ತೆಂಟು ಸಾವಿರ ಟಿಕ್. ಕೇಬಲ್ ಹಾಕಿ ಕಟ್ಟದೇ ಇದ್ರೆ ಎರಡು ಗಡಿಯಾರ ಒಂದೇ ವೇಗದಲ್ಲಿ ಓಡಲ್ಲ. ಗಂಟೆ ಹೊತ್ತಿಗೆ ಇಷ್ಟಾದ್ರೂ ಹಿಂದೆ ಮುಂದೆ ಆಗ್ಲೇಬೇಕು. ಇದು ಎರಡು ರೆಕಾರ್ಡಿಂಗ್ ಅಲ್ಲ. ಒಂದು, ಅದರದ್ದೇ ಇನ್ನೊಂದು ಕಾಪಿ!"

ಮಾಲೀಕನ ಮುಖ ಬಿಳಿಚಿತು. "ಕೇಬಲ್... ಕೇಬಲ್ ಇತ್ತು ಸರ್! ಈಗ ನೆನಪಾಯ್ತು!"

ಇನ್‌ಸ್ಪೆಕ್ಟರ್ ಲೋಟ ಕೆಳಗಿಟ್ಟರು. "ಹಂಗಾದ್ರೆ ಬರ್ಕೊಟ್ಟಿದ್ದು ಸುಳ್ಳು?"

"ಅಲ್ಲ... ಇರ್ಲಿಲ್ಲ..."

"ಹಂಗಾದ್ರೆ ರೆಕಾರ್ಡಿಂಗ್ ಸುಳ್ಳು."

ಅಷ್ಟರಲ್ಲಿ ಕಾರಿಡಾರಿನಿಂದ ಬಾಡಿಗಾರ್ಡ್ ಕುಂಟುತ್ತಾ ಕೂಗಿದ.

"ಅಣ್ಣಾ! ಆ ನನ್ಮಗ ತಪ್ಪಿಸ್ಕೊಂಡ! ಹಳೇ ಡಬ್ಬಿಂಗ್ ಕತ್ತರಿಸಿ ಅಂಟಿಸಿದ್ವಲ್ಲ... ಆ ಕಂಪ್ಯೂಟರ್ ಒಡ್ದು ಹಾಕ್ಲಾ?"

ಇಡೀ ಸ್ಟುಡಿಯೋದಲ್ಲಿ ಸರಿಯಾದ ಟೈಮಿಗೆ ಸದ್ದು ಮಾಡಿದ ಮಷೀನ್ ಅವನೊಬ್ಬನೇ!