ಎಂಟು ಸಾವಿರ ಸುತ್ತು

ಯಂತ್ರ ಇದ್ದಕ್ಕಿದ್ದಂತೆ ನಿಂತಿತು. ಗಿಟಾರ್ ಮಾಡುವ ಮೇಷ್ಟ್ರ ಹೆಂಡತಿಯ ಬೆರಳುಗಳ ನಡುವೆ ಬಿಗಿಯಾಗಿ ಓಡುತ್ತಿದ್ದ ತಾಮ್ರದ ತಂತಿ ಸಡಿಲವಾಗಿ ಮಡಿಲಿಗೆ ಬಿತ್ತು. ಕೂದಲಿಗಿಂತ ತೆಳುವಾದ ತಂತಿ ಅದು. ಆಗಲೇ ಆರು ಸಾವಿರದ ಏಳುನೂರು ಸುತ್ತು ಮುಗಿದಿತ್ತು. ತಲೆಯೆತ್ತಿ ನೋಡಿದರೆ ಗೋಡೆಯ ಬಳಿ ಅತ್ತೆ ನಿಂತಿದ್ದರು. ಒಂದು ಕೈಯಲ್ಲಿ ಇಸ್ತ್ರಿಪೆಟ್ಟಿಗೆ, ಇನ್ನೊಂದರಲ್ಲಿ ಯಂತ್ರದ ಪ್ಲಗ್ಗು.

"ಅತ್ತೆ, ಸುತ್ತು ನಡೀತಾ ಇದೆ..."

"ಐದು ನಿಮಿಷ. ನಿನ್ನ ಗಂಡ ಮರದಂಗಡಿಗೆ ಹೋಗಬೇಕಂತೆ, ಅಂಗಿ ಮುದುರಿದೆ."

"ಸರಿ, ಆದರೆ ಪ್ಲಗ್ಗನ್ನ ಹಾಗೇ ಬಿಡಿ, ವಾಪಸ್ ಹಾಕಬೇಡಿ. ನಾನು ಮೊದಲು ಯಂತ್ರದ ಸ್ವಿಚ್ಚು ಆರಿಸಿ..."

"ಅಯ್ಯೋ, ಎಲ್ಲದಕ್ಕೂ ಒಂದು ರಾಗ ನಿಂದು. ತಗೋ" ಎಂದು ಅತ್ತೆ ಪ್ಲಗ್ಗನ್ನು ಮತ್ತೆ ಚುಚ್ಚಿದರು. ಯಂತ್ರ ಬೆಚ್ಚಿಬಿದ್ದಂತೆ ಒಮ್ಮೆಗೇ ಜಿಗಿಯಿತು. ತಂತಿ ಪಟ್ಟನೆ ಹರಿಯಿತು. ಬೆಳಗ್ಗೆಯಿಂದ ಕತ್ತು ಬಗ್ಗಿಸಿ ಕೂತು ಮಾಡಿದ ಕೆಲಸ ಅಲ್ಲಿಗೆ ಕಸವಾಯಿತು.

"ದಾರ ಸುತ್ತೋದು ತಾನೇ? ಮತ್ತೆ ಸುತ್ತು" ಎಂದು ಅತ್ತೆ ಹೊರಟುಹೋದರು.

ದಾರ ಸುತ್ತೋದು... ಹನ್ನೊಂದು ವರ್ಷಗಳಿಂದ ಆ ಮನೆಯಲ್ಲಿ ಅವಳ ಕೆಲಸಕ್ಕೆ ಇದ್ದ ಹೆಸರು ಅದೊಂದೇ. ಅವಳ ಅಪ್ಪ ಸುಟ್ಟುಹೋದ ಫ್ಯಾನು, ಪಂಪುಗಳ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ಇಟ್ಟಿದ್ದರು. ಶಾಲೆಯಿಂದ ಬಂದವಳೇ ಅಪ್ಪನ ಪಕ್ಕ ಕೂತು ಕೈ ಪಳಗಿಸಿಕೊಂಡಿದ್ದಳು. ಮದುವೆಯಾಗಿ ಬಂದಾಗ ಗಂಡ ಎಲೆಕ್ಟ್ರಿಕ್ ಗಿಟಾರ್ ಮಾಡಲು ಆಗಷ್ಟೇ ಶುರುಮಾಡಿದ್ದ. ಮರಗೆಲಸ ಪೀಠೋಪಕರಣ ಮಾಡುತ್ತಿದ್ದ ತಂದೆಯಿಂದ ಬಂದ ವಿದ್ಯೆ. ಮರವನ್ನು ಮಾತಾಡಿಸಿದರೆ ಅದು ಅವನ ಮಾತು ಕೇಳುತ್ತಿತ್ತು. ನುಡಿಸುವವನ ಅಂಗೈ ಅಳೆದು ಗಿಟಾರಿನ ಕತ್ತು ಕೆತ್ತುತ್ತಿದ್ದ. ಆದರೆ ಎಲೆಕ್ಟ್ರಿಕ್ ಗಿಟಾರಿಗೆ ದನಿ ಬರುವುದು ಬರೀ ಮರದಿಂದಲ್ಲ. ತಂತಿಗಳ ಕೆಳಗೆ ಕೂರುವ ಪಿಕಪ್ಪು ಆ ಕಂಪನವನ್ನು ಹಿಡಿದು ಸ್ಪೀಕರಿಗೆ ಕಳಿಸಬೇಕು. ಅಯಸ್ಕಾಂತದ ಸುತ್ತ ಎಂಟು ಸಾವಿರ ಸುತ್ತು ತಾಮ್ರ. ಅವನು ಕೊಂಡು ತರುತ್ತಿದ್ದ ಪಿಕಪ್ಪುಗಳು ಗುಂಯ್ ಎನ್ನುತ್ತಿದ್ದವು, ಸೊರಗಿದ ದನಿ ಕೊಡುತ್ತಿದ್ದವು. ಮದುವೆಯಾದ ಮೂರನೇ ತಿಂಗಳು ಅವಳು ಹಳೆಯ ಹೊಲಿಗೆ ಯಂತ್ರದ ಮೋಟಾರಿಗೆ ಸುರುಳಿ ಕೂರಿಸುವ ಹಿಡಿಯೊಂದನ್ನು ಕಟ್ಟಿ, ಬೆರಳಿನಲ್ಲೇ ಬಿಗಿ ನೋಡಿಕೊಂಡು, ಒಂದನ್ನು ಸುತ್ತಿದಳು. ಗಂಡ ಅದನ್ನು ಕೂರಿಸಿ ಮೀಟಿದ. ಆಮೇಲೆ ಮತ್ತೆ ಮತ್ತೆ ಮೀಟಿದ. ಅವತ್ತಿನಿಂದ ಆ ಮನೆಯಿಂದ ಹೋದ ಅರವತ್ತು ಚಿಲ್ಲರೆ ಗಿಟಾರುಗಳಲ್ಲೂ ಅವಳ ಕೈಯ ತಾಮ್ರವಿತ್ತು, ಹಿಂಭಾಗದ ಹಿತ್ತಾಳೆ ತಗಡಿನಲ್ಲಿ ಅವನ ಸಹಿ ಇತ್ತು.

ಅತ್ತೆಯಿಂದ ಕೆಟ್ಟ ಆ ಪಿಕಪ್ಪನ್ನು ಅವಳು ಮರುದಿನ ಮತ್ತೆ ಸುತ್ತಿದಳು. ಭಾನುವಾರ ಆ ಗಿಟಾರಿನ ಗಿರಾಕಿ ಬಂದ. ಸದಾ ಟೋಪಿ ಹಾಕಿಕೊಂಡಿರುತ್ತಿದ್ದ ಅವನನ್ನು ಎಲ್ಲರೂ ಟೋಪಿ ಎಂದೇ ಕರೆಯುತ್ತಿದ್ದರು. ಇಪ್ಪತ್ತು ವರ್ಷ ವೇದಿಕೆಗಳ ಮೇಲೆ ನುಡಿಸಿದವನು. ಎಡಗೈಯ ಕಿರುಬೆರಳು ಅಪಘಾತದಲ್ಲಿ ಮಡಚಿಹೋಗಿದ್ದರಿಂದ ತನ್ನ ಕೈಗೆ ಹೊಂದುವ ಗಿಟಾರಿಗಾಗಿ ಏಳು ತಿಂಗಳು ಕಾದಿದ್ದ. ಮುಂದಿನ ಕೋಣೆಯ ಸ್ಟೂಲಿನ ಮೇಲೆ ಕೂತು ನುಡಿಸಿದ. ಐದು ನಿಮಿಷವಾದ ಮೇಲೆ ನಿಲ್ಲಿಸಿ ಟೋಪಿಯಿಂದಲೇ ಕಣ್ಣೊರೆಸಿಕೊಂಡ.

"ಮೇಷ್ಟ್ರೇ, ಮರ ಚೆನ್ನಾಗಿದೆ, ಕತ್ತು ಚೆನ್ನಾಗಿದೆ, ಅದು ಬೇರೆ. ಆದರೆ ಈ ದನಿ... ಈ ಪಿಕಪ್ ಯಾರು ಮಾಡಿದ್ದು?"

ಚಹಾದ ತಟ್ಟೆ ಹಿಡಿದು ಅವಳು ಬಾಗಿಲಲ್ಲೇ ನಿಂತಳು. ಗಂಡ ಒಮ್ಮೆ ಅವಳತ್ತ ನೋಡಿದ. ಆಮೇಲೆ ನೆಲ ನೋಡಿದ.

"ಎಲ್ಲ ನನ್ನದೇ ಕೈಕೆಲಸ" ಎಂದ.

"ನನ್ನ ಮಗನ ಬೆರಳಲ್ಲಿ ವಿದ್ಯೆ ಇದೆಯಪ್ಪ" ಎಂದರು ಅತ್ತೆ.

ಅವಳು ತಟ್ಟೆಯನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು. ಕಪ್ಪಿನಿಂದ ಒಂದು ಹನಿಯೂ ತುಳುಕಲಿಲ್ಲ. ಎದೆಯೊಳಗೆ ಮಾತ್ರ ಯಾವುದೋ ಬಿಗಿಯಾಗಿದ್ದದ್ದು ಹರಿದುಹೋಗಿತ್ತು. ಅಳು ಬರಲಿ ಎಂದು ಕಾದಳು, ಬರಲಿಲ್ಲ. ಬಂದದ್ದು ಕೋಪ. ಹನ್ನೊಂದು ವರ್ಷ ಒಂದೊಂದೇ ಸುತ್ತಾಗಿ ಸೇರಿದ್ದ ಕೋಪ.

ಮರುದಿನದಿಂದ ಅವಳು ಯಂತ್ರದ ಮುಂದೆ ಕೂರಲಿಲ್ಲ. ಅದೇ ವಾರ ಟೋಪಿಯ ಗೆಳೆಯನೊಬ್ಬ ಅದೇ ದನಿ ಬೇಕೆಂದು, ಮರದ ಕೆಲಸ ಮುಗಿದಿದ್ದ ಗಿಟಾರೊಂದನ್ನು ಆರಿಸಿಕೊಂಡ. ಗಂಡ ಕೇಳಿದ, "ಸುತ್ತೋದು ಯಾವಾಗ ಶುರು ಮಾಡ್ತೀಯ?"

"ಎಲ್ಲ ನಿಮ್ಮದೇ ಕೈಕೆಲಸ ಅಲ್ವಾ? ಸುತ್ತಿ."

ಅವನಿಗೆ ಅವಮಾನವಾಯಿತು, ಅದಕ್ಕಿಂತ ಹೆಚ್ಚಾಗಿ ಹಟ ಬಂತು. ತಾನೇ ಕೂತ. ನೂರು ಸುತ್ತಿಗೆ ತಂತಿ ಹರಿಯಿತು. ಮುನ್ನೂರಕ್ಕೆ ಹರಿಯಿತು. ಮರದ ಮೇಲೆ ನವಿರಾಗಿ ಓಡುತ್ತಿದ್ದ ಆ ಬೆರಳುಗಳು ತಾಮ್ರದ ಮುಂದೆ ಕೋಲುಗಳಾಗಿದ್ದವು. ಒಮ್ಮೆ ಐದು ಸಾವಿರದವರೆಗೆ ಬಂದು, ಉಸಿರು ಬಿಟ್ಟ ಗಳಿಗೆಯಲ್ಲೇ ಹರಿದಾಗ ಸುರುಳಿಯನ್ನು ಗೋಡೆಗೆ ಎಸೆದ. ಅಡುಗೆಮನೆಯಲ್ಲಿ ಅವಳಿಗೆ ಎಲ್ಲ ಕೇಳಿಸುತ್ತಿತ್ತು. ಎದ್ದುಹೋಗಿ 'ಇಷ್ಟು ಬಿಗಿ ಹಿಡೀಬೇಡಿ' ಎನ್ನಲು ನಾಲಿಗೆ ತುದಿಗೆ ಮಾತು ಬರುತ್ತಿತ್ತು, ನುಂಗಿಕೊಳ್ಳುತ್ತಿದ್ದಳು. ಮೂರು ವಾರ ಹೀಗೇ ಕಳೆಯಿತು. ಕೊನೆಗೆ ಅವನು ಅಂಗಡಿಯಿಂದ ಸಿದ್ಧ ಪಿಕಪ್ಪು ತಂದು ಕೂರಿಸಿ ಗಿಟಾರು ಕಳಿಸಿಕೊಟ್ಟ.

ಅಂದು ಮಧ್ಯಾಹ್ನ ಅತ್ತೆ ಅವಳನ್ನು ಹಿಡಿದು ನಿಲ್ಲಿಸಿದರು. "ಗಂಡನನ್ನ ಹೀಗೆ ಗೋಳು ಹೊಯ್ಕೊಂಡು ನಿನಗೇನು ಸಿಗತ್ತೆ? ಹೆಸರು ಬೇಕಾ ನಿನಗೆ, ಹೆಸರು?"

"ಹೌದು ಅತ್ತೆ, ಬೇಕು."

ಅತ್ತೆ ಇಂಥ ಉತ್ತರ ನಿರೀಕ್ಷಿಸಿರಲಿಲ್ಲ. "ನಿನ್ನ ಮಾವ ಮಾಡಿದ ಬೀರುಗಳು ಕನ್ನಡಿ ಥರ ಹೊಳೀತಾವೆ ಅಂತ ಎಲ್ಲರೂ ಹೊಗಳೋರು. ಪಾಲಿಶ್ ಹಚ್ಚಿದ್ದು ಯಾರು? ನಾನು. ಮೂವತ್ತು ವರ್ಷ ಉಜ್ಜಿದೀನಿ. ಉಗುರಿಗೆ ಹತ್ತಿದ ಕಪ್ಪು ಹೋಗ್ತಾನೇ ಇರಲಿಲ್ಲ. ಒಂದು ದಿನಾನೂ ನನ್ನ ಹೆಸರು ಯಾರೂ ಹೇಳಲಿಲ್ಲ. ನಾನು ಕೇಳಿದ್ನಾ?"

ಅವಳು ಅತ್ತೆಯ ಮುಖವನ್ನೇ ನೋಡಿದಳು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಈ ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ.

"ಯಾಕೆ ಕೇಳಲಿಲ್ಲ ಅತ್ತೆ?"

ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡರು... ಒದ್ದೆಯಿಲ್ಲದ ಕೈಯನ್ನು ಮತ್ತೆ ಮತ್ತೆ ಒರೆಸಿಕೊಂಡರು. ಆಮೇಲೆ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅಂದು ಊಟಕ್ಕೂ ಏಳಲಿಲ್ಲ.

ಹತ್ತು ದಿನಕ್ಕೆ ಟೋಪಿ ಆ ಗಿಟಾರನ್ನು ವಾಪಸ್ ಹೊತ್ತು ತಂದ. ಮೇಷ್ಟ್ರಿಗೆ ಮುಖದ ಮೇಲೆ ಹೇಳಲು ಗೆಳೆಯನಿಗೆ ಸಂಕೋಚವಂತೆ.

"ಇದರಲ್ಲಿ ಜೀವ ಇಲ್ಲ ಮೇಷ್ಟ್ರೇ. ನನ್ನದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಏನಾಯ್ತು?"

"ಈ ಸಲ ತಂತಿ ಸರಿ ಬರಲಿಲ್ಲ. ಇನ್ನೊಂದು ಸಲ ನಾನು..."

"ಸುಳ್ಳು" ಎಂದಿತು ಹಿಂದಿನಿಂದ ಒಂದು ದನಿ. ಅತ್ತೆ. ಗೋಡೆಗೆ ಕೈಯಾನಿಸಿ ನಿಂತಿದ್ದರು. "ಅವನಿಗೆ ಅದು ಬರಲ್ಲಪ್ಪ. ಯಾವತ್ತೂ ಬಂದಿಲ್ಲ. ನಿನ್ನ ಕಣ್ಣಲ್ಲಿ ನೀರು ತರಿಸಿದ್ದು ನನ್ನ ಸೊಸೆ. ಅವಳನ್ನ ಕೇಳು."

"ಅಮ್ಮ..."

"ನಿಮ್ಮಪ್ಪನೂ ಹೀಗೇ ನೆಲ ನೋಡ್ತಿದ್ರು. ತಲೆ ಎತ್ತು."

ಅವನು ತಲೆಯೆತ್ತಿದ. ಮುಖ ಕೆಂಪೇರಿತ್ತು. "ಹೌದು, ಅವಳೇ ಮಾಡಿದ್ದು. ಮೊದಲಿಂದ ಎಲ್ಲ ಅವಳೇ" ಎಂದ. ಆಮೇಲೆ ಹೆಂಡತಿಯ ಕಡೆ ತಿರುಗಿ ದನಿ ತಗ್ಗಿಸಿ, "ಮೊದಲ ಸಲ ಯಾರೋ ಕೇಳಿದಾಗ ಸುಮ್ಮನೆ ಬಾಯಿಗೆ ಬಂತು. ಆಮೇಲೆ ತಿದ್ದಕ್ಕೆ ಧೈರ್ಯ ಬರಲಿಲ್ಲ" ಎಂದ.

ಟೋಪಿ ಇಬ್ಬರನ್ನೂ ನೋಡಿದ. "ಟೋಪಿ ಹಾಕ್ಕೊಂಡವನಿಗೇ ಟೋಪಿ ಹಾಕಿದ್ರಲ್ಲ ಮೇಷ್ಟ್ರೇ" ಎಂದ. ಯಾರೂ ನಗಲಿಲ್ಲ. ಅವನು ಅವಳ ಕಡೆ ತಿರುಗಿದ. "ಅಕ್ಕ, ಇದಕ್ಕೆ ಜೀವ ಕೊಡ್ತೀರಾ?"

"ಎರಡು ವಾರ ಬೇಕು. ನಿಮ್ಮ ಸ್ನೇಹಿತರು ಬಂದು ನನ್ನ ಮುಂದೆ ನುಡಿಸಲಿ, ಕೈಯ ಭಾರ ನೋಡಬೇಕು. ಇನ್ಮುಂದೆ ದನಿ ವಿಷಯ ನನ್ನ ಹತ್ರ ಮಾತಾಡಿ."

ಟೋಪಿ ಹೋದ ಮೇಲೆ ಅವಳು ಹಿಂದಿನ ಕೋಣೆಗೆ ಹೋಗಿ ಗಂಡ ಕೆಡಿಸಿಟ್ಟಿದ್ದ ತಂತಿಯ ಸಿಕ್ಕುಗಳನ್ನು ಗುಡಿಸಿದಳು. ಅತ್ತೆ ಬಾಗಿಲಿಗೆ ಬಂದು, "ಬೆನ್ನು ನೆಟ್ಟಗೆ ಇಟ್ಕೊಂಡು ಕೂತ್ಕೋ. ಇಲ್ಲಾಂದ್ರೆ ನನ್ನ ಹಾಗೆ ಆಗ್ತೀಯ" ಎಂದಷ್ಟೇ ಹೇಳಿ ಹೋದರು. ಸೊಸೆ ಹೊಸ ಸುರುಳಿ ಏರಿಸಿದಳು. ಗಂಡ ಹಿಂದೆಯೇ ಬಂದು ನಿಂತಿದ್ದ.

"ಕೋಪ ಹೋಯ್ತಾ?"

"ಇಲ್ಲ."

"ಯಾವಾಗ ಹೋಗತ್ತೆ?"

"ಗೊತ್ತಿಲ್ಲ ರೀ. ಹನ್ನೊಂದು ವರ್ಷದ್ದು, ಒಂದು ದಿನಕ್ಕೆ ಹೋಗಲ್ಲ." ಅವಳು ತಂತಿಯ ತುದಿಯನ್ನು ಹುಡುಕಿ ಬೆರಳುಗಳ ನಡುವೆ ಹಿಡಿದಳು. ಅದು ಕಣ್ಣಿಗೆ ಕಾಣುತ್ತಿರಲಿಲ್ಲ. "ಕಿಟಕಿಗೆ ಅಡ್ಡ ನಿಂತಿದ್ದೀರಿ. ಬೆಳಕು ಬೇಕು ನನಗೆ."

ಅವನು ಪಕ್ಕಕ್ಕೆ ಸರಿದ.