ಅಣ್ಣ ಮಾಡಿದ ಹೆಲ್ಮೆಟ್ಟು

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು, ಕಥೆ ಕಟ್ಟಲು ಬರುವುದಿಲ್ಲ. ಸಿನಿಮಾದಲ್ಲಿ ಕಂಡ ಗಗನಯಾತ್ರಿಯ ಹೆಲ್ಮೆಟ್ಟಿನಂಥದ್ದೇ ಒಂದನ್ನು ಅಣ್ಣ ಎಂಟು ತಿಂಗಳು ಕೂತು ಫೈಬರಿನಲ್ಲಿ ಮಾಡಿದ. ಬೈಕಿನಲ್ಲಿ ಮಾತ್ರ ಬರಿತಲೆಯಲ್ಲಿ ಹೋಗಿ ಸತ್ತ, ಅಯೋಗ್ಯ!

"ಉಸಿರಾಡೋಕೆ ತೂತು ಬೇಡ್ವೇನೋ?" ಎಂದು ನಾನು ಕೇಳಿದ್ದಕ್ಕೆ, "ಸಿನಿಮಾದಲ್ಲಿ ಇರ್ಲಿಲ್ಲ ಕಣೋ, ದಡ್ಡ" ಅಂದಿದ್ದ.

ಅವನು ಹೋಗಿ ತಿಂಗಳಾಗಿತ್ತು. ಮಟಮಟ ಮಧ್ಯಾಹ್ನ, ಕಪಾಟಿನ ಮೇಲಿದ್ದ ಹೆಲ್ಮೆಟ್ಟಿನ ಗಾಜು ಒಳಗಿನಿಂದ ಮಬ್ಬಾಯಿತು. ಒರೆಸಿದೆ, ಮತ್ತೆ ಮಬ್ಬಾಯಿತು. ಮುಟ್ಟಿದರೆ ಬೆಚ್ಚಗಿತ್ತು. ಸಿಟ್ಟಿನಲ್ಲಿ ಒಡೆದುಹಾಕಲು ಸುತ್ತಿಗೆ ಎತ್ತಿದೆ. ಅಮ್ಮ ಕೈ ಹಿಡಿದಳು.

"ಬೇಡ್ವೋ. ಅವನಿಗೆ ಉಸಿರು ಕಟ್ತಿದೆ."

ಡ್ರಿಲ್ ತಂದು ಬಾಯಿಯ ಜಾಗದಲ್ಲಿ ಎರಡು ತೂತು ಕೊರೆದೆ. ಗಾಜು ತಿಳಿಯಾಯಿತು.

ಈಗ ಕಪಾಟಿನ ಮೇಲೆಲ್ಲ ಧೂಳು ಕೂರುತ್ತದೆ. ಆ ತೂತುಗಳ ಮುಂದೆ ಮಾತ್ರ ಇವತ್ತಿನವರೆಗೂ ಕೂತಿಲ್ಲ.